ಬೆಳೆಗೆ ಹೊಡೆಯುವ ವಿಷವೂ ರೈತನ ಎಚ್ಚರಿಕೆಯೂ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ರೈತರು ಬೆಳೆಯ ಮೇಲೆ ಸಿಂಪಡಿಸುವ ಕೀಟನಾಶಕವನ್ನು ಆ ಹೆಸರಿನಿಂದ ಕರೆಯುವುದು ಅಪರೂಪ. ಕನ್ನಡ ಮನೆಮಾತಿನವರು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಮರಾಠಿ ಮನೆಮಾತಿನವರು ‘ಔಷಧ’ವೆನ್ನುತ್ತಾರೆ. ಒಂದು ಹೆಸರು ಅಡಿಗೆಮನೆಯದು, ಇನ್ನೊಂದು ದವಾಖಾನೆಯದು. ವಿಷಕ್ಕೆ ವಿಷವೆಂಬ ಹೆಸರು ಮಾತ್ರ ಎರಡು ಭಾಷೆಗಳಲ್ಲಿಯೂ ದಿನಬಳಕೆಗೆ ಬರಲಿಲ್ಲ. ಹಾಗೆಂದ ಮಾತ್ರಕ್ಕೆ ಇದು ಪ್ರಾಣಾಪಾಯದ ವಸ್ತುವೆಂಬುದು ರೈತನಿಗೆ ತಿಳಿಯದೆಂದು ಭಾವಿಸಬಾರದು. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಜಂತೆಗೆ ಸಿಕ್ಕಿಸುವ ತಾಯಿಗೂ, ಎಣ್ಣೆ ಹೊಡೆದ ಹೊಲದ ಬದುವಿನಲ್ಲಿ ಎಮ್ಮೆಯನ್ನು ಮೇಯಗೊಡದ ಮುದುಕನಿಗೂ ಅದು ಚೆನ್ನಾಗಿ ತಿಳಿದಿದೆ. ತಿಳಿದೂ ಅದೇ ಮನೆಯ ಯಜಮಾನನು ಬರಿಗೈಯಿಂದ ವಿಷವನ್ನು ನೀರಿಗೆ ಕಲಸುತ್ತಾನೆ. ಪಂಪಿನ ಮೂತಿ ಕಟ್ಟಿಕೊಂಡರೆ ಬಾಯಿಯಿಂದ ಊದುತ್ತಾನೆ. ನಡುವೆ ಅದೇ ಕೈಯಿಂದ ತಂಬಾಕು ತಿಕ್ಕಿ ಬಾಯಿಗಿಡುತ್ತಾನೆ. ತಿಳಿದವನು ಹೀಗೇಕೆ ಮಾಡುತ್ತಾನೆ? ಈ ಪ್ರಶ್ನೆಯನ್ನು ಇಲ್ಲಿ ಕೊಂಚ ವಿಚಾರಿಸಬೇಕೆಂದಿದ್ದೇವೆ.

ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ‘ರೈತರ ಅಜ್ಞಾನ’ ಎಂಬುದು. ಭಾಷಣಕಾರರಿಗೆ ಇದು ಬಹಳ ಅನುಕೂಲವಾದ ಉತ್ತರ. ಪಾಠ ಹೇಳುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ನಮಗೆ ಮಾತ್ರ ಇದನ್ನು ಒಪ್ಪುವುದು ಕಷ್ಟವಾಗಿದೆ. ಬಲ್ಲದ್ದೆಲ್ಲ ನಡೆಯಲ್ಲಿ ಬರುವಂತಿದ್ದರೆ ಉಪಾಧ್ಯಾಯರ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ತಿಳಿವಳಿಕೆ ಬೇಕು, ನಿಜ. ಆದರೆ ಆ ಮಾತನ್ನು ಯಾರು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಹೇಳಿದಂತೆ ನಡೆಯಲು ಕೇಳಿದವನ ಕೈಯಲ್ಲಿ ಸಾಧನವಿದೆಯೇ, ಕಡೆಗೆ ಪಂಪು ಹೊತ್ತವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದೆಯೇ—ಇವುಗಳಿಂದಲೇ ಎಚ್ಚರಿಕೆಯು ಹುಟ್ಟುತ್ತದೆ ಅಥವಾ ಸಾಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾನೂನಿನ ಮಾತು. 1958ನೆಯ ಇಸವಿಯಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಆಹಾರಪದಾರ್ಥಕ್ಕೆ, ಜೊತೆಯಲ್ಲಿ ಹೇರಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋರಿ ಸೇರಿ, ಅದನ್ನು ಉಂಡ ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಆ ದುರಂತದ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕ ಅಧಿನಿಯಮವೂ 1971ರಲ್ಲಿ ಅದರ ನಿಯಮಗಳೂ ಬಂದವು. ಇಂದು ಪ್ರತಿಯೊಂದು ಬಾಟಲಿಯ ಮೇಲೂ ಕಾಣುವ ವಜ್ರಾಕಾರದ ಗುರುತು ಆ ನಿಯಮಗಳ ಕೊಡುಗೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕವನ್ನು ಅಡ್ಡಲಾಗಿ ಸೀಳಿ ಎರಡು ತ್ರಿಕೋಣಗಳನ್ನಾಗಿ ಮಾಡಿ, ಕೆಳಗಿನದಕ್ಕೆ ಬಣ್ಣ ತುಂಬಿರುತ್ತಾರೆ. ಕೆಂಪು ಬಣ್ಣವು ಅತ್ಯುಗ್ರ ವಿಷದ ಗುರುತು. ಅದರ ಮೇಲಿನ ಅರ್ಧದಲ್ಲಿ ತಲೆಬುರುಡೆಯೂ ಎಲುಬುಗಳೂ ಇರುತ್ತವೆ. ಹಳದಿಯು ಉಗ್ರ, ನೀಲಿಯು ಮಧ್ಯಮ, ಹಸಿರು ಅಲ್ಪ. ಪ್ರಯೋಗಶಾಲೆಯಲ್ಲಿ ಹೊಟ್ಟೆಗೆ ವಿಷ ಕೊಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಂ ಬೇಕಾಯಿತೆಂಬುದೇ ಈ ವಿಂಗಡಣೆಯ ಆಧಾರ. ಕೆಂಪಿಗೆ 50 ಮಿಲಿಗ್ರಾಮಿನೊಳಗೆ, ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ ಅದಕ್ಕೂ ಮೇಲೆ. ಹಸಿರೆಂದರೆ ನಿರಪಾಯವೆಂದು ತಿಳಿಯುವವರಿದ್ದಾರೆ. ಹಸಿರೂ ವಿಷವೇ, ಉಗ್ರತೆ ಕಡಿಮೆ ಅಷ್ಟೆ.

ಓದು ಬರದವನಿಗೂ ತಿಳಿಯಲೆಂದು ಮಾಡಿದ ಈ ಏರ್ಪಾಡು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಣ್ಣಕ್ಕೆ ಅರ್ಥವನ್ನು ಯಾರಾದರೂ ಒಮ್ಮೆ ಹೇಳಿಕೊಡಬೇಕಷ್ಟೆ. ಹೇಳಿಕೊಡದಿದ್ದರೆ ರೈತನಿಗೆ ಹಸಿರು ಬೆಳೆಯ ಬಣ್ಣ, ಕೆಂಪು ಕುಂಕುಮದ ಬಣ್ಣ.

ಇನ್ನು ಬಾಟಲಿಯೊಡನೆ ಬರುವ ಹಾಳೆ. ಅದು ಹಿಂದಿ, ಇಂಗ್ಲಿಷ್ ಹಾಗೂ ಆ ಪ್ರದೇಶದ ಭಾಷೆಗಳಲ್ಲಿ ಅಚ್ಚಾಗಿರಬೇಕೆಂದು ನಿಯಮವಿದೆ. ನಮ್ಮ ಗಡಿನಾಡಿನ ಪರಿಸ್ಥಿತಿ ವಿಚಿತ್ರವಾದುದು. ಉದಗೀರವೂ ನಿಲಂಗಾವೂ 1956ರ ವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ಆ ಇಸವಿಯ ಪುನರ್ವಿಂಗಡಣೆಯಲ್ಲಿ ಮರಾಠವಾಡದ ಕಡೆಗೆ ಬಂದವು. ಗೆರೆ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಅಂತೆಯೇ ಇಲ್ಲಿಯ ರೈತನು ಹೆಂಡತಿಮಕ್ಕಳೊಡನೆ ಕನ್ನಡದಲ್ಲಿ, ಅಂಗಡಿಯವನೊಡನೆ ಮರಾಠಿಯಲ್ಲಿ ಮಾತನಾಡುತ್ತಾನೆ. ಉದಗೀರದ ಪೇಟೆಯಿಂದ ತಂದ ಬಾಟಲಿಯ ಹಾಳೆಯನ್ನು ಒಂದು ಲಿಪಿಯಲ್ಲಿ, ಭಾಲ್ಕಿ ಅಥವಾ ಆಳಂದದಿಂದ ತಂದುದನ್ನು ಇನ್ನೊಂದು ಲಿಪಿಯಲ್ಲಿ ಓದಬೇಕಾಗುತ್ತದೆ. ಅಕ್ಷರವಂತೂ ಸಾಸಿವೆಗಿಂತ ಸಣ್ಣದು. ಚಾಳೀಸು ಹಾಕಿಕೊಂಡ ನಮಗೇ ಬಿಸಿಲಿಗೆ ಹಿಡಿದು ಓದಬೇಕಾದ ಆ ಹಾಳೆಯನ್ನು ಹೊಲದ ಬದುವಿನಲ್ಲಿ ಯಾರು ಓದುತ್ತಾರೆ? ಮಡಿಕೆ ಬಿಚ್ಚದೆಯೇ ಅದು ಗಾಳಿಗೆ ಹಾರುತ್ತದೆ.

ಓದಿದರೂ ಇನ್ನೊಂದು ತೊಡಕುಂಟು. ಹಾಳೆಯಲ್ಲಿ ಪ್ರಮಾಣವನ್ನು ಹೆಕ್ಟೇರಿನ ಲೆಕ್ಕದಲ್ಲಿ ಕೊಟ್ಟಿರುತ್ತಾರೆ; ರೈತನ ಲೆಕ್ಕ ಎಕರೆಯದು, ಪಂಪಿನದು, ಬಾಟಲಿಯ ಮುಚ್ಚಳದ್ದು. ಹೆಕ್ಟೇರಿಗೆ 500 ಲೀಟರು ನೀರಿನಲ್ಲಿ 500 ಮಿಲಿಲೀಟರು ಎಂದಿದ್ದರೆ ಲೀಟರಿಗೆ 1 ಮಿಲಿಲೀಟರಾಯಿತು. 15 ಲೀಟರಿನ ಪಂಪಿಗೆ 15 ಮಿಲಿಲೀಟರು ಸಾಕು. ಏಳನೆಯ ಇಯತ್ತೆಯ ಹುಡುಗನು ಬಾಯಿಲೆಕ್ಕದಲ್ಲಿ ಹೇಳಬಲ್ಲ ಗಣಿತವಿದು. ಆದರೆ ‘ಪಂಪಿಗೆ ಎರಡು ಮುಚ್ಚಳ’ ಎಂಬ ಮಾತಿನ ಮೇಲೆ ನಡೆದಾಗ, ಒಂದು ಬಾಟಲಿಯ ಮುಚ್ಚಳ ಚಿಕ್ಕದು, ಮತ್ತೊಂದರದು ದೊಡ್ಡದು. ಪ್ರಮಾಣವು ಎರಡರಷ್ಟಾದುದೂ ತಿಳಿಯುವುದಿಲ್ಲ. ಹುಳು ಸಾಯದಿದ್ದರೆ ಮೂರನೆಯ ಮುಚ್ಚಳ. ಇದರಿಂದ ಹಣವೂ ಹಾಳು, ಮೈಗೂ ಕೇಡು. ಸತ್ತುಳಿದ ಹುಳುವಿನ ಸಂತಾನವಂತೂ ವಿಷಕ್ಕೆ ಒಗ್ಗಿಕೊಂಡು ಬಲಿಯುತ್ತದೆ. ತೊಗರಿಯ ಕಾಯಿಕೊರಕ ಹುಳುವು ಅನೇಕ ಕೀಟನಾಶಕಗಳಿಗೆ ಹೀಗೆ ಜಗ್ಗದಂತಾದುದು ಎಲ್ಲರೂ ಕಂಡ ಮಾತು.

ಹಾಳೆಯನ್ನು ಓದದ ರೈತನು ಯಾರ ಮಾತನ್ನು ಕೇಳುತ್ತಾನೆ? ಕೃಷಿ ಸೇವಾ ಕೇಂದ್ರವೆಂಬ ಫಲಕವಿರುವ ಅಂಗಡಿಯವನ ಮಾತನ್ನು. ಹುಳು ತಿಂದ ಸೋಯಾಬೀನ್ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿದರೆ ಆತನು ರೋಗ ಹೇಳುತ್ತಾನೆ, ಔಷಧ ಕೊಡುತ್ತಾನೆ, ಹಣವಿಲ್ಲದಿದ್ದರೆ ಸುಗ್ಗಿಯ ವರೆಗೆ ಉದ್ರಿಯನ್ನೂ ಕೊಡುತ್ತಾನೆ. ಕೃಷಿ ಸಹಾಯಕರು ಒಳ್ಳೆಯವರೇ. ಆದರೆ ಅನೇಕ ಹಳ್ಳಿಗಳನ್ನು ನೋಡಬೇಕಾದ ಅವರು ಹುಳು ಬಿದ್ದ ದಿನವೇ ಬರುವಂತಿಲ್ಲ. ಅಂಗಡಿಯಾದರೋ ಸಂತೆಯ ದಿನವೂ ತೆರೆದಿರುತ್ತದೆ. ಮಾರುವವನೇ ವೈದ್ಯನಾದರೆ ಒಂದರ ಬದಲು ಎರಡು ಬಾಟಲಿ ಮಾರಾಟವಾಗುವುದು ಸಹಜ. ಎರಡನ್ನೂ ಕೂಡಿಸಿ ಹೊಡೆಯುವ ಪದ್ಧತಿ ಹೀಗೆಯೇ ಬೆಳೆದುದು. ಎಲ್ಲ ಅಂಗಡಿಕಾರರೂ ಲಾಭಕ್ಕಾಗಿಯೇ ಹೇಳುವರೆಂದು ನಾವು ಅನ್ನುವುದಿಲ್ಲ. ನಿಲ್ಲಿಸಿ ಬುದ್ಧಿ ಹೇಳುವವರೂ ಇದ್ದಾರೆ. ಅಂಗಡಿಯವನ ಮಾತಿಗಿರುವ ಈ ಬೆಲೆಯನ್ನು ಗುರುತಿಸಿಯೇ ಹೈದರಾಬಾದಿನ ‘ಮ್ಯಾನೇಜ್’ ಎಂಬ ಕೃಷಿ ವಿಸ್ತರಣ ಸಂಸ್ಥೆಯು 2003ರಿಂದ ವ್ಯಾಪಾರಿಗಳಿಗೆ ಒಂದು ವರ್ಷದ ಡಿಪ್ಲೊಮಾ ಶಿಕ್ಷಣವನ್ನು ನಡೆಸಿಕೊಂಡು ಬಂದಿದೆ. ನೂರು ಭಿತ್ತಿಪತ್ರಗಳಿಗಿಂತ ಇದು ಹೆಚ್ಚಿನ ಕೆಲಸ ಮಾಡೀತೆಂದು ನಮಗೆ ತೋರುತ್ತದೆ. ಏಕೆಂದರೆ ಬಾಟಲಿ ಕೈ ಬದಲಾಯಿಸುವ ಕ್ಷಣದಲ್ಲಿ ಹೇಳಿದ ಮಾತು ಹೊಲದ ವರೆಗೂ ಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ‘ಕೈಚೀಲ ಹಾಕಿಕೊಳ್ಳಿ, ಮುಖಕ್ಕೆ ಮುಸುಕು ಕಟ್ಟಿಕೊಳ್ಳಿ, ಕಾಲಿಗೆ ಬೂಟು ಧರಿಸಿ’ ಎಂದು ಹೇಳುವುದು ಸುಲಭ. ನಮ್ಮಲ್ಲಿ ಸೋಯಾಬೀನಿಗೆ ಸಿಂಪಡಿಸುವುದು ಶ್ರಾವಣದ ಧಗೆಯಲ್ಲಿ. ಮಳೆ ಬಿಟ್ಟ ಬಿಸಿಲು, ಕಾಲಿಗೆ ಅಂಟುವ ಎರೆಮಣ್ಣು, ಬೆನ್ನ ಮೇಲೆ ಹದಿನೈದು ಲೀಟರು ನೀರಿನ ಭಾರ. ಅದರ ಮೇಲೆ ರಬ್ಬರಿನ ಉಡುಪನ್ನು ಧರಿಸಿದರೆ ಅರ್ಧ ಗಂಟೆಯಲ್ಲಿ ಉಸಿರು ಕಟ್ಟುತ್ತದೆ. ಆದುದರಿಂದ ರೈತನು ಮುಖಕ್ಕೆ ಟವೆಲನ್ನು ಸುತ್ತಿಕೊಳ್ಳುತ್ತಾನೆ. ಅದು ತುಂತುರಿನಿಂದ ನೆನೆದು, ವಿಷವನ್ನು ಮೂಗುಬಾಯಿಗೆ ಒತ್ತಿ ಹಿಡಿಯುವ ಪಟ್ಟಿಯಾಗುತ್ತದೆ. ವಿಷವು ಮೂಗಿನಿಂದ ಮಾತ್ರ ಹೋಗುವುದೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಸಿಂಪಡಿಸುವವನ ದೇಹಕ್ಕೆ ಅದು ಬಹುಮಟ್ಟಿಗೆ ಚರ್ಮದ ಮೂಲಕವೇ ಹೋಗುತ್ತದೆ. ಬೆವರಿದ ಚರ್ಮ, ಪಂಪು ಸೋರಿ ನೆನೆದ ಬೆನ್ನು, ಗಿಡಗಳಿಗೆ ಸವರುವ ತೊಡೆಗಳು—ಇವೇ ಅದರ ಬಾಗಿಲುಗಳು. ಎಲ್ಲಕ್ಕಿಂತ ದೊಡ್ಡ ಬಾಗಿಲು ಅಂಗೈ. ನೀರು ಬೆರೆಸುವ ಮೊದಲಿನ ಗಟ್ಟಿ ವಿಷದ ಒಂದು ತೊಟ್ಟು, ಬೆರೆಸಿದ ಮೇಲಿನ ಎಷ್ಟೋ ತೊಟ್ಟುಗಳಿಗೆ ಸಮ. ಆದುದರಿಂದ ಇಡೀ ದಿನ ರಬ್ಬರು ಧರಿಸಲಾರದವನೂ ಕಲಸುವ ಐದು ನಿಮಿಷವಾದರೂ ರಬ್ಬರಿನ ಕೈಚೀಲ ಹಾಕಿಕೊಂಡು, ಕೋಲಿನಿಂದ ಕಲಸಿದರೆ ಅಪಾಯದ ದೊಡ್ಡ ಪಾಲು ತಪ್ಪುತ್ತದೆ. ಆಗದ ಹತ್ತು ಮಾತುಗಳನ್ನು ಹೇಳುವುದಕ್ಕಿಂತ ಆಗುವ ಎರಡು ಮಾತುಗಳನ್ನು ಹೇಳಿದರೆ ರೈತನು ಕೇಳುತ್ತಾನೆ.

ಆದರೆ ಪಂಪು ಹೊತ್ತವನು ಹೊಲದ ಒಡೆಯನೇ ಆಗಿರಬೇಕೆಂದಿಲ್ಲ. ಅನೇಕ ವೇಳೆ ಆತನು ವರ್ಷದ ಲೆಕ್ಕಕ್ಕೆ ದುಡಿಯುವ ಸಾಲಗಡಿ, ಇಲ್ಲವೆ ಪಂಪಿಗಿಷ್ಟು ಎಂದು ಕೂಲಿ ಪಡೆಯುವ ತರುಣ. ನೀರು ಹೊತ್ತು ತಂದು ಕಲಸಿಕೊಡುವವಳು ಹೆಣ್ಣುಮಗಳು. ಎಷ್ಟು ಪಂಪು ಖಾಲಿಯಾಯಿತೋ ಅಷ್ಟು ಕೂಲಿಯಾದುದರಿಂದ, ಗಾಳಿ ಎದುರಾಯಿತೆಂದು ನಿಲ್ಲಿಸಿದರೆ ನಷ್ಟ ಆತನದೇ. ಬಾಟಲಿಯನ್ನು ಕೊಂಡವನೊಬ್ಬ, ಅದರ ಮಾತು ಕೇಳಿಸಿಕೊಂಡವನೊಬ್ಬ, ಮೈಮೇಲೆ ಸುರಿದುಕೊಂಡವನು ಮತ್ತೊಬ್ಬ.

ಇದರ ಪರಿಣಾಮವೇನಾಗಬಹುದೆಂಬುದನ್ನು ನಮ್ಮದೇ ರಾಜ್ಯದ ಯವತ್ಮಾಳ ಜಿಲ್ಲೆಯು 2017ರಲ್ಲಿ ಕಂಡಿತು. ಆ ವರ್ಷ ಹತ್ತಿಯ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು. ಕಾಲಕೆಳಗಿನ ಬೆಳೆಗೆ ಹೊಡೆಯುವಾಗ ತುಂತುರು ಕೆಳಗೆ ಬೀಳುತ್ತದೆ. ತಲೆಯೆತ್ತರದ ಬೆಳೆಗೆ ಹೊಡೆದಾಗ ಅದು ಹೊಡೆಯುವವನ ಮೇಲೆಯೇ ಇಳಿಯುತ್ತದೆ. ಅದಕ್ಕೆ ಮಂಜಿನಂತಹ ಸಣ್ಣ ಹನಿಯನ್ನು ಉಗುಳುವ ಯಂತ್ರದ ಪಂಪುಗಳು, ಎರಡು ಮೂರು ವಿಷಗಳ ಮಿಶ್ರಣ, ಮಳೆಗಾಲದ ಧಗೆ ಇವೆಲ್ಲ ಕೂಡಿಕೊಂಡವು. ಜುಲೈಯಿಂದ ಅಕ್ಟೋಬರದ ವರೆಗಿನ ಅವಧಿಯಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು. ಆ ಒಂದು ಜಿಲ್ಲೆಯಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ನೀಗಿದರು. ಕೆಲವರಿಗೆ ಕಣ್ಣು ಮಂಜಾಯಿತು. ಅವರಲ್ಲಿ ಕೂಲಿಗಾಗಿ ಪರರ ಹೊಲದಲ್ಲಿ ಹೊಡೆಯುತ್ತಿದ್ದವರು ಬಹಳ ಮಂದಿ. ಸರಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು, ಕೆಲವು ಕೀಟನಾಶಕಗಳ ಮಾರಾಟವನ್ನು ಕೆಲಕಾಲ ತಡೆಯಿತು. ಆ ಹತ್ತಿಯ ಹೊಲಗಳಲ್ಲಿದ್ದ ಜನರಿಗೆ ವಿಷವೆಂಬುದು ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ಗಿಡದ ಎತ್ತರ ಹೆಚ್ಚಿದಾಗ ಹಳೆಯ ಪದ್ಧತಿ ಹೊಸ ಅಪಾಯವಾಗುವುದೆಂಬುದನ್ನು ಮಾತ್ರ ಮುಂಚಿತವಾಗಿ ಅವರಿಗೆ ಯಾರೂ ತೋರಿಸಿರಲಿಲ್ಲ. ಅಥವಾ ತೋರಿಸಿದ್ದರೂ ಆ ದಿನದ ಕೂಲಿಯನ್ನು ಬಿಟ್ಟು ಬರುವ ಅನುಕೂಲ ಅವರಿಗಿರಲಿಲ್ಲ. ನಮ್ಮ ಭಾಗದ ತೊಗರಿಯೂ ಹೂ ಬಿಡುವ ಹೊತ್ತಿಗೆ ಆಳೆತ್ತರವಾಗುತ್ತದೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಯಾರ ಮಾತಿಗೆ ಜನ ಕಿವಿಗೊಡುತ್ತಾರೆಂಬುದಕ್ಕೆ ಇನ್ನೊಂದು ಗಡಿನಾಡಿನ ಉದಾಹರಣೆಯಿದೆ. ನಾವು ಮಹಾರಾಷ್ಟ್ರದಲ್ಲಿರುವ ಕನ್ನಡಿಗರಾದರೆ, ಕಾಸರಗೋಡಿನವರು ಕೇರಳದಲ್ಲಿರುವ ಕನ್ನಡಿಗರು. ಅಲ್ಲಿಯ ಸರಕಾರಿ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿಸುತ್ತಿದ್ದರು. ತೋಟದ ಕೆಳಗಿನ ಎಣ್ಮಕಜೆ ಮೊದಲಾದ ಹಳ್ಳಿಗಳ ತೋಡುಗಳಿಗೂ ಮನೆಗಳಿಗೂ ಅದು ಇಳಿಯಿತು. ಅಲ್ಲಿ ಜನರು ಸ್ವತಃ ಹೊಡೆಯುವವರಲ್ಲ, ಹೊಡೆಸಿಕೊಂಡವರು. ಈ ಭೇದವನ್ನು ಮರೆಯಬಾರದು. ಆದರೂ ಗಮನಿಸಬೇಕಾದ ಸಂಗತಿಯೆಂದರೆ, ಅಪಾಯವನ್ನು ಮೊದಲು ಬಯಲಿಗೆ ತಂದವರು ದೂರದ ತಜ್ಞರಲ್ಲ. ಅಂಗವಿಕಲವಾಗಿ ಹುಟ್ಟಿದ ಕರುಗಳ ವಿಷಯ ಬರೆದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಅದೇ ಪ್ರದೇಶದವರು. ತಮ್ಮ ಬಳಿ ಬರುವ ರೋಗಿಗಳಲ್ಲಿ ಅಸಾಧಾರಣ ಕಾಯಿಲೆಗಳು ಹೆಚ್ಚಾಗಿರುವುದನ್ನು ಕಂಡು ಬರೆದವರು ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರರು. ನೆರೆಯವರ ಮಾತಾದುದರಿಂದ ಜನ ನಂಬಿದರು, ಒಗ್ಗೂಡಿದರು, ನ್ಯಾಯಾಲಯಕ್ಕೆ ಹೋದರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಗೂ ಇದೇ ಕಥೆ ನಡೆಯಿತು. ಕರ್ನಾಟಕ ಸರಕಾರವು 2011ರ ಫೆಬ್ರುವರಿಯಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ದೇಶದಲ್ಲಿ ಅದನ್ನು ತಡೆಯಿತು. ಯಾವ ಎಚ್ಚರಿಕೆಯಿಂದಲೂ ನಿರಪಾಯವಾಗಿ ಬಳಸಲಾಗದ ವಿಷಗಳಿಗೆ ನಿಷೇಧವೇ ಉಪಾಯ. ಆ ಭಾರವನ್ನು ರೈತನ ಕೈಚೀಲದ ಮೇಲೆ ಹೊರಿಸುವುದು ನ್ಯಾಯವಲ್ಲ.

ರೈತನ ನಡೆಯನ್ನು ನಿಜವಾಗಿ ಬದಲಿಸಿದ ಉಪಾಯಗಳು ಇಲ್ಲದಿಲ್ಲ. ಇಂಡೊನೇಷ್ಯದಲ್ಲಿ ಭತ್ತದ ಜಿಗಿಹುಳುವು ವಿಷ ಹೊಡೆದಷ್ಟೂ ಹೆಚ್ಚುತ್ತ ಹೋಯಿತು. ಏಕೆಂದರೆ ಅದನ್ನು ತಿನ್ನುವ ಜೇಡಗಳು ಮೊದಲು ಸಾಯುತ್ತಿದ್ದವು. 1986ರಲ್ಲಿ ಅಲ್ಲಿಯ ಸರಕಾರವು ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ‘ಹೊಲದ ಶಾಲೆ’ಗಳನ್ನು ತೆರೆದರು. ಅಲ್ಲಿ ಕರಿಹಲಗೆಯಿಲ್ಲ, ಭಾಷಣವಿಲ್ಲ. ಇಪ್ಪತ್ತೈದು ಮೂವತ್ತು ರೈತರು ವಾರಕ್ಕೊಮ್ಮೆ ಒಂದೇ ಗದ್ದೆಯಲ್ಲಿ ಕೂಡಿ, ಹುಳುಗಳನ್ನೂ ಅವುಗಳ ವೈರಿಗಳನ್ನೂ ಎಣಿಸಿ, ಹೊಡೆಯಬೇಕೋ ಬೇಡವೋ ಎಂಬುದನ್ನು ತಾವೇ ನಿಶ್ಚಯಿಸುವರು. ಕಣ್ಣಾರೆ ಕಂಡ ಜೇಡವನ್ನು ಕೊಲ್ಲಲು ರೈತನಿಗೂ ಮನಸ್ಸಾಗಲಿಲ್ಲ. ಬಿ. ಟಿ. ತರಗತಿಯಲ್ಲಿ ನಾವು ಉರುಹೊಡೆದ ‘ಮಾಡಿ ಕಲಿ’ ಎಂಬ ಸೂತ್ರವು ಶಾಲೆಗಿಂತ ಗದ್ದೆಯಲ್ಲಿಯೇ ಚೆನ್ನಾಗಿ ಫಲಿಸಿತೆನ್ನಬೇಕು!

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕಲಬುರಗಿ ಜಿಲ್ಲೆಯಲ್ಲಿ 1998ರ ಸುಮಾರಿಗೆ ಕಾಯಿಕೊರಕವು ತೊಗರಿಯನ್ನು ಮುತ್ತಿ, ಯಾವ ಎಣ್ಣೆಗೂ ಜಗ್ಗದಾದಾಗ, ರೈತರು ಹಿರಿಯರ ಪದ್ಧತಿಯನ್ನು ಹಿಡಿದರು: ಗಿಡದ ಕೆಳಗೆ ಹಾಳೆಯನ್ನೆಳೆಯುತ್ತ ಗಿಡವನ್ನು ಮೆಲ್ಲನೆ ಅಲುಗಿಸಿದರೆ ಹುಳುಗಳು ಉದುರುತ್ತವೆ. ಮೂರು ನಾಲ್ಕು ಆಳುಗಳ ಕೆಲಸ, ವಿಷದ ಸೋಂಕಿಲ್ಲ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಶೋಧನ ಸಂಸ್ಥೆಯವರೂ ಅದನ್ನು ಪರೀಕ್ಷಿಸಿ ಒಪ್ಪಿದರು. ಬೇವಿನ ಬೀಜದ ತಿರುಳಿನಿಂದ ಮಾಡಿದ ಶೇಕಡಾ 5ರ ಕಷಾಯವೂ, ಹೊಲದಲ್ಲಿ ಪಕ್ಷಿಗಳು ಕೂಡಲು ನೆಟ್ಟ ಕವೆಗೋಲುಗಳೂ ಇದೇ ಜಾತಿಯ ಉಪಾಯಗಳು. ಇವುಗಳಿಂದ ಎಲ್ಲ ಹುಳುವೂ ಹೋಗುವುದಿಲ್ಲ. ಆದರೆ ನಾಲ್ಕು ಸಲ ಹೊಡೆಯುವ ಕಡೆ ಎರಡು ಸಲ ಸಾಕಾದರೆ ಅಪಾಯವೂ ಅರ್ಧವಾಯಿತು. ಒಬ್ಬನ ಹೊಲದಲ್ಲಿ ಇದು ಫಲಿಸಿದ್ದನ್ನು ಕಂಡರೆ ಪಕ್ಕದವನು ಕೇಳದೆಯೇ ಮಾಡುತ್ತಾನೆ.

ಕೊನೆಯದಾಗಿ ಶಾಲೆಗೆ ಸಂಬಂಧಿಸಿದ ಮಾತು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ಸತ್ತರು. ಅಡಿಗೆಗೆ ಬಳಸಿದ ಎಣ್ಣೆಯಲ್ಲಿ ಮೊನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಿಂದ ಹೊರಬಿದ್ದಿತು. ಎಣ್ಣೆಯನ್ನು ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಇಟ್ಟಿರಬೇಕೆಂದು ಅಧಿಕಾರಿಗಳು ಊಹಿಸಿದರು. ಎಣ್ಣೆ ಸರಿಯಿಲ್ಲವೆಂದು ಅಡಿಗೆಯಾಕೆಗೆ ಸಂಶಯ ಬಂದಿತ್ತೆಂದೂ, ಆದರೂ ಅಡಿಗೆ ನಿಲ್ಲಲಿಲ್ಲವೆಂದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಇಲ್ಲಿಯೂ ತಿಳಿವಳಿಕೆಯ ಕೊರತೆಯಿರಲಿಲ್ಲ. ತಿಳಿದವಳ ಮಾತಿಗೆ ಬೆಲೆಯಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಖಾಲಿ ಕ್ಯಾನುಗಳು ನೀರಿಗೆ, ಸೀಮೆಎಣ್ಣೆಗೆ, ಕೆಲವೊಮ್ಮೆ ಧಾನ್ಯಕ್ಕೂ ಬಳಕೆಯಾಗುತ್ತಿರುವುದನ್ನು ನಾವು ಕಾಣುತ್ತಲೇ ಇದ್ದೇವೆ. ಎಷ್ಟು ತೊಳೆದರೂ ಅವು ಶುದ್ಧವಾಗುವುದಿಲ್ಲ. ಸಿಂಪಡಿಸುವಾಗಲೇ ಕ್ಯಾನನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿದು, ಯಾರೂ ಮತ್ತೆ ಬಳಸದಂತೆ ತೂತು ಮಾಡಿಬಿಡಬೇಕು. ಬಾವಿ ಹಳ್ಳಗಳಿಗೆ ಎಸೆಯಬಾರದು, ಒಲೆಯಲ್ಲಿ ಸುಡಬಾರದು. ಶಾಲೆಯ ಅಡಿಗೆಮನೆಗೆ ಹೊರಗಿನ ಹಳೆಯ ಡಬ್ಬಿ ಕಾಲಿಡಬಾರದು.

ನಮ್ಮ ಮಕ್ಕಳು ಕನ್ನಡವನ್ನೂ ಮರಾಠಿಯನ್ನೂ ಓದಬಲ್ಲರು. ಅವರ ಕಣ್ಣು ಚೆನ್ನಾಗಿದೆ, ತ್ರೈರಾಶಿಯೂ ಬರುತ್ತದೆ. ಬಾಟಲಿಯನ್ನು ಅವರ ಕೈಗೆ ಕೊಡುವುದು ಬೇಡ, ಹಾಳೆಯನ್ನು ಕೊಡಬಹುದು. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಲಿ, ಪಂಪಿಗೆ ಎಷ್ಟೆಂಬ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಲಿ. ಸಭೆಯಲ್ಲಿ ಸಾಹೇಬರ ಮಾತಿಗೆ ತಲೆದೂಗಿ ಮರೆಯುವ ತಂದೆಯು, ‘ಅಪ್ಪಾ, ಕೈಚೀಲ ಹಾಕ್ಕೋ’ ಎನ್ನುವ ಮಗಳ ಮಾತನ್ನು ಅಷ್ಟು ಸುಲಭವಾಗಿ ಮರೆಯಲಾರನು. ಈ ಪಾಠವು ಆ ಅಂಗಳಕ್ಕೆ ಕೂಲಿಗೆ ಬರುವ ತರುಣನ ಕಿವಿಗೂ ಬೀಳುವುದೆಂಬುದು ನಮ್ಮ ಆಸೆ.

ಒಂದು ವೇಳೆ ಹೊಡೆಯುವವನಿಗೆ ತಲೆ ಸುತ್ತಿ, ವಾಂತಿಯಾಗಿ, ಬಾಯಲ್ಲಿ ನೀರೊಸರಿ, ಕಣ್ಣು ಮಂಜಾದರೆ ಆತನನ್ನು ಹೊಲದಿಂದ ಹೊರಗೆ ತಂದು, ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆದು, ಸಾಬೂನು ನೀರಿನಿಂದ ಮೈ ತೊಳೆಯಬೇಕು. ಹಾಲು, ತುಪ್ಪ, ಉಪ್ಪುನೀರು ಕುಡಿಸುತ್ತ ಕೂಡಬಾರದು. 108ಕ್ಕೆ ಕರೆ ಮಾಡಿ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಕೆಲವು ಜಾತಿಯ ವಿಷಗಳಿಗೆ ಅಟ್ರೋಪಿನ್ ಎಂಬ ಮದ್ದಿದೆ. ಬೇರೆ ಜಾತಿಯವಕ್ಕೆ ಅದು ನಡೆಯುವುದಿಲ್ಲ. ಯಾವ ವಿಷವೆಂಬುದು ವೈದ್ಯರಿಗೆ ತಿಳಿಯಬೇಕಾದರೆ ಬಾಟಲಿಯನ್ನೂ ಆ ಹಾಳೆಯನ್ನೂ ರೋಗಿಯ ಜೊತೆಗೇ ಒಯ್ಯಬೇಕು.